ಅಮ್ಮನ ಬೆರಳಿನ ಕ್ಲಿಪ್

ನನಗೆ ಸಿಟ್ಟು ಬೇಗ ಬರುತ್ತದೆ. ಆಫೀಸಿನಲ್ಲಿ ಎಲ್ಲರಿಗೂ ಗೊತ್ತು, ಮನೆಯಲ್ಲಿ ಅಮ್ಮನಿಗೂ ಗೊತ್ತಿತ್ತು. ನೆಟ್‌ವರ್ಕ್ ಎಂದರೆ ಒಂದು ಸಾಲು ಕೋಡಿನ ಕೆಲಸ ಎಂದು ಯಾರಾದರೂ ಹೇಳಿದರಂತೂ ಮೈಯೆಲ್ಲ ಉರಿದುಹೋಗುತ್ತದೆ. ಆ ಒಂದು ಸಾಲಿನ ಹಿಂದೆ ಅರ್ಧ ಆಯುಷ್ಯ ಕೂತು ಸೊಂಟ ಹಿಡಿಸಿಕೊಂಡವಳು ನಾನು.

ಮುಂಬಯಿಯ ದಾದರ್ ಸ್ಟೇಷನ್ನಿನಿಂದ ನಡೆದು ಹೋಗುವಷ್ಟು ದೂರದಲ್ಲಿ, ಕೆಳಗೆ ಸೀರೆ ಅಂಗಡಿ ಇರುವ ಹಳೇ ಬಿಲ್ಡಿಂಗಿನಲ್ಲಿ ನಮ್ಮ ಆಫೀಸು. ಹೌಸಿಂಗ್ ಸೊಸೈಟಿಗಳ ನೀರಿನ ಟ್ಯಾಂಕ್ ಎಷ್ಟು ತುಂಬಿದೆ, ಪಂಪ್ ಓಡುತ್ತಿದೆಯೋ ನಿಂತಿದೆಯೋ ಎಂದು ದೂರದಿಂದಲೇ ನೋಡಿಕೊಳ್ಳುವ ಸಾಫ್ಟ್‌ವೇರ್ ಮಾಡಿ ಮಾರುತ್ತೇವೆ. ಸ್ಕ್ರೀನಿನ ಮೇಲೆ ಕಾಣುವುದನ್ನೆಲ್ಲ ಜೊತೆಯವರು ಒಂದು ಸ್ಕ್ರಿಪ್ಟ್ ಭಾಷೆಯಲ್ಲಿ ಬರೆಯುತ್ತಾರೆ. ಬರೆಯಲು ಸುಲಭ, ಓದಲು ಚಂದ. ಆದರೆ ಎಲ್ಲೋ ಒಂದು ಟೆರೇಸಿನ ಮೇಲೆ ಬಿಸಿಲಲ್ಲಿ ಕೂತಿರುವ ಯಂತ್ರದ ಜೊತೆ ನೇರವಾಗಿ ವ್ಯವಹರಿಸಲು ಆ ಭಾಷೆಗೆ ಬರುವುದಿಲ್ಲ. ಅದಕ್ಕಾಗಿ ಸಿ ಭಾಷೆಯಲ್ಲಿ ಒಂದು ತುಂಡು ಬರೆದು ಅದರೊಳಗೆ ಸೇರಿಸಬೇಕು. ಆ ತುಂಡಿಗೆ ಎಕ್ಸ್‌ಟೆನ್ಷನ್ ಅನ್ನುತ್ತಾರೆ. ನಾನು ಮಾಡುವುದು ಅದನ್ನು.

"ಅಲ್ವೇ, ಆಫೀಸಲ್ಲಿ ನೀನು ಮಾಡೋದಾದ್ರೂ ಏನು?" ಎಂದು ಅಮ್ಮ ಒಮ್ಮೆ ಕೇಳಿದ್ದಳು.

ಹೇಳಿದೆ. ಅವರು 'ನೀರೆಷ್ಟಿದೆ' ಅಂತ ಒಂದು ಸಾಲು ಬರೀತಾರೆ, ಅಲ್ಲಿಗೆ ಹೋಗಿ ಕೇಳಿಕೊಂಡು ಬರೋದು ನನ್ನ ಕೋಡು ಅಂದೆ. ದಾರಿ ಇದೆಯಾ ನೋಡಬೇಕು, ಬಾಗಿಲು ತಟ್ಟಬೇಕು, ತೆಗೆಯೋ ತನಕ ಕಾಯಬೇಕು, ಉತ್ತರ ಅರ್ಧ ಬಂದರೆ ಇನ್ನರ್ಧಕ್ಕೂ ಕಾಯಬೇಕು.

"ಅಂದ್ರೆ ಅವ್ರು ಕೂತ್ಕೊಂಡು ಕೇಳ್ತಾರೆ, ನೀನು ಓಡಾಡ್ತೀಯ."

"ಹೂಂ."

"ಅಡುಗೆಮನೆ ಕೆಲಸ ಅನ್ನು," ಎಂದು ಅಮ್ಮ ಟಿವಿ ಕಡೆ ತಿರುಗಿದಳು. ನನ್ನ ಕೆಲಸವನ್ನು ಇಷ್ಟು ಸರಿಯಾಗಿ ಇನ್ನಾರೂ ಹೇಳಿಲ್ಲ.

ನಿಜ ಹೇಳಬೇಕೆಂದರೆ ಅದರಲ್ಲಿ ಓಡಾಟಕ್ಕಿಂತ ಕಾಯುವುದೇ ಹೆಚ್ಚು. ಕಾಯುವುದಕ್ಕೂ ಒಂದು ರೀತಿ ಇದೆ. ಸ್ಕ್ರಿಪ್ಟ್ ಭಾಷೆಯದು ಒಂದೇ ಬೀಗದ ಕೈ ಇರುವ ಮನೆಯ ಕಥೆ. ಬೀಗದ ಕೈ ಯಾರ ಹತ್ತಿರ ಇದೆಯೋ ಅವರೇ ಕೆಲಸ ಮಾಡಬೇಕು, ಉಳಿದವರು ನಿಂತಿರಬೇಕು. ನನ್ನ ಕೋಡು ಉತ್ತರಕ್ಕೆ ಕಾಯಲು ಹೊರಗೆ ಹೋಗುವಾಗ ಆ ಬೀಗದ ಕೈಯನ್ನು ಮೊಳೆಗೆ ನೇತುಹಾಕಿ ಹೋಗಬೇಕು. ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದರೆ ಇಡೀ ಪ್ರೋಗ್ರಾಂ ಕಲ್ಲಿನ ಹಾಗೆ ನಿಂತುಬಿಡುತ್ತದೆ. ಇದನ್ನು ಹೊಸಬರಿಗೆ ಹೇಳಿ ಹೇಳಿ ನನ್ನ ಗಂಟಲು ಒಣಗಿದೆ.

ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಆ ಕಡೆಯ ಯಂತ್ರ ಸತ್ತುಹೋದರೆ ಈ ಕಡೆಗೆ ತಾನಾಗಿ ಗೊತ್ತಾಗುವುದಿಲ್ಲ. ಹೋಗಿ ಬರುತ್ತೇನೆ ಎಂದು ಹೇಳಿ ಹೋದರೆ ಸರಿ. ಕರೆಂಟ್ ಹೋಗಿಯೋ ವೈರ್ ಕಿತ್ತೋ ಹೋದರೆ ಒಂದು ಮಾತೂ ಬರುವುದಿಲ್ಲ. ಈ ಕಡೆಯವರು ಅವನು ಇದ್ದಾನೆ ಎಂದೇ ಕೂತಿರುತ್ತಾರೆ, ಸ್ಕ್ರೀನಿನ ಮೇಲೆ ಕೊನೆಯ ಸಲ ಬಂದ ನಂಬರ್ ಹಾಗೇ ಇರುತ್ತದೆ. ನನಗಿಂತ ಮುಂಚೆ ಇದ್ದವರು ಬರೆದ ಕೋಡಿನಿಂದ ಒಂದು ಸೊಸೈಟಿಯಲ್ಲಿ ಹೀಗೇ ಆಗಿತ್ತು. ಸ್ಕ್ರೀನಿನಲ್ಲಿ ಟ್ಯಾಂಕು ತುಂಬಿ ತುಳುಕುತ್ತಿದೆ, ಮನೆಗಳಲ್ಲಿ ಜನ ಮೈಗೆಲ್ಲ ಸೋಪು ಹಚ್ಚಿಕೊಂಡು ನಲ್ಲಿ ತಿರುಗಿಸುತ್ತಿದ್ದಾರೆ. ಅವರ ಸೆಕ್ರೆಟರಿ ಆಫೀಸಿಗೇ ಬಂದು ಬಾಯಿಗೆ ಬಂದ ಹಾಗೆ ಬೈದು ಹೋದ. ಬೈಸಿಕೊಂಡವಳು ನಾನು. ಆ ವಾರವೇ ಎಲ್ಲವನ್ನೂ ಕಿತ್ತು ಹೊಸದಾಗಿ ಬರೆದೆ. ನನ್ನ ಕೋಡು ಆಗಾಗ 'ಇದ್ದೀಯಾ?' ಎಂದು ಕೇಳುತ್ತದೆ. ಉತ್ತರ ಬರದಿದ್ದರೆ ಹಳೇ ನಂಬರನ್ನು ಅಳಿಸಿ ಕೆಂಪು ಅಕ್ಷರದಲ್ಲಿ 'ಗೊತ್ತಿಲ್ಲ' ಎಂದು ತೋರಿಸುತ್ತದೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಬೇಕು. ನನ್ನ ಪ್ರೋಗ್ರಾಂ ಸುಳ್ಳು ಹೇಳುವುದಿಲ್ಲ ಎಂದು ನನಗೆ ಬಹಳ ಜಂಬವಿತ್ತು.

ಮೈಸೂರಿನಿಂದ ಮದುವೆಯಾಗಿ ಬಂದ ಮೇಲೆ ಅಮ್ಮ ಚೆಂಬೂರು ಬಿಟ್ಟು ಎಲ್ಲೂ ಇರಲಿಲ್ಲ. ಅಪ್ಪ ಇಲ್ಲೇ ರಿಫೈನರಿಯ ಕೆಲಸದಲ್ಲಿದ್ದರು. ಅಕ್ಕ ಮದುವೆಯಾಗಿ ಊರಿನ ಇನ್ನೊಂದು ತುದಿಯ ಬೊರಿವಲಿಗೆ ಹೋದಳು, ನಾನು ಮದುವೆಯಾಗದೆ ಅಮ್ಮನ ಜೊತೆ ಉಳಿದೆ. ಅಪ್ಪ ತೀರಿಕೊಂಡದ್ದು ಆಸ್ಪತ್ರೆಯ ಐಸಿಯುನಲ್ಲಿ. ಅಮ್ಮನನ್ನು ಒಳಗೆ ಬಿಡಲಿಲ್ಲ. ಗಾಜಿನ ಈ ಕಡೆ ನಿಂತು ಅಪ್ಪನ ತಲೆಯ ಮೇಲಿದ್ದ ಮಾನಿಟರಿನ ನಂಬರುಗಳನ್ನು ನೋಡುತ್ತಿದ್ದಳು. "ಅವರ ಮುಖ ಕಾಣಿಸ್ಲಿಲ್ಲ ಕಣೇ, ಬರೀ ನಂಬರ್ ಕಾಣ್ತಿತ್ತು," ಎಂದು ಆಮೇಲೆ ಎಷ್ಟು ಸಲ ಹೇಳಿದಳೋ. ಆ ಹೊತ್ತಿಗೆ ಅಕ್ಕ ಲೋಕಲ್ ರೈಲಿನಲ್ಲಿದ್ದಳು. ನಾನೇ ಫೋನ್ ಮಾಡಿದೆ, ವಿಷಯ ಹೇಳಿಬಿಟ್ಟೆ. ಲೇಡೀಸ್ ಡಬ್ಬಿಯಲ್ಲಿ, ಅಂಧೇರಿ ದಾಟಿ ಎಲ್ಲೋ, ಉಸಿರಾಡಲೂ ಜಾಗವಿಲ್ಲದ ಕಡೆ ಅಕ್ಕ ಚೀರಿ ಅತ್ತಳಂತೆ. ಗುರುತಿಲ್ಲದ ಹೆಂಗಸರು ಅವಳನ್ನು ಕೂರಿಸಿ, ನೀರು ಕುಡಿಸಿ, ದಾದರಿನಲ್ಲಿ ಕೈಹಿಡಿದು ಇಳಿಸಿದರಂತೆ. ಅದನ್ನು ಕೇಳಿದ ದಿನ ಅಮ್ಮ ಅಪ್ಪನಿಗಿಂತ ಹೆಚ್ಚಾಗಿ ಅಕ್ಕನಿಗಾಗಿ ಅತ್ತಳು.

ಕೆಲವು ವರ್ಷಗಳ ನಂತರ ಅಮ್ಮನಿಗೆ ಶ್ವಾಸಕೋಶ ಗಟ್ಟಿಯಾಗುವ ಕಾಯಿಲೆ ಬಂತು. ಒಣಗಿದ ಹೀರೇಕಾಯಿಯ ನಾರಿನ ಹಾಗೆ ಆಗುತ್ತದೆ, ವಾಸಿಯಾಗುವುದಿಲ್ಲ, ನಿಧಾನ ಮಾಡಬಹುದು ಅಷ್ಟೆ ಎಂದು ನಮ್ಮ ಕಾಲೊನಿಯ ಡಾಕ್ಟರು ಹೇಳಿದರು. ಮನೆಗೆ ಆಕ್ಸಿಜನ್ ಮಷೀನ್ ಬಂತು. ಮೂಗಿಗೆ ನಳಿಗೆ ಬಂತು. ಅಮ್ಮ ನನ್ನನ್ನು ಹತ್ತಿರ ಕೂರಿಸಿಕೊಂಡು ಒಂದೇ ಮಾತು ಹೇಳಿದಳು.

"ನನ್ನನ್ನ ಗಾಜಿನ ಹಿಂದೆ ಮಲಗಿಸ್ಬೇಡ."

ನಾನು ಆಯಿತು ಎಂದೆ. ಅಕ್ಕ ಆಯಿತು ಎನ್ನಲಿಲ್ಲ. ಆಸ್ಪತ್ರೆಗೆ ಹೋಗಿದ್ದರೆ ಇನ್ನಷ್ಟು ದಿನ ಇರುತ್ತಿದ್ದಳೇನೋ ಎಂಬ ಮಾತು ಮುಂದೆ ತನ್ನನ್ನು ತಿನ್ನಬಾರದು ಎಂದಳು. ಇಬ್ಬರದೂ ತಪ್ಪಲ್ಲ. ಆದರೆ ಅಮ್ಮನ ಉಸಿರು ಸ್ವಲ್ಪ ಇಳಿದರೂ ಸಾಕು, ಅಕ್ಕ ಬೊರಿವಲಿಯಿಂದ ಆಂಬುಲೆನ್ಸ್ ಮಾತು ತೆಗೆಯುತ್ತಿದ್ದಳು, ಅಮ್ಮ ಮಂಚದ ಸರಳು ಹಿಡಿದುಕೊಳ್ಳುತ್ತಿದ್ದಳು, ನಾನು ನಡುವೆ ನಿಂತು ಇಬ್ಬರ ಮೇಲೂ ಕೂಗಾಡುತ್ತಿದ್ದೆ.

ಆಗ ನನಗೆ ಹೊಳೆದದ್ದು ಕ್ಲಿಪ್ಪಿನ ಯೋಚನೆ. ಬೆರಳಿಗೆ ಹಾಕಿದರೆ ರಕ್ತದಲ್ಲಿ ಆಕ್ಸಿಜನ್ ಎಷ್ಟಿದೆ, ಎದೆಬಡಿತ ಎಷ್ಟಿದೆ ಎಂದು ಹೇಳುವ ಕ್ಲಿಪ್. ಉದ್ದ ವೈರ್ ಇರುವಂಥದ್ದನ್ನು ತಂದು, ಟಿವಿ ಪಕ್ಕ ಒಂದು ಪುಟ್ಟ ಕಂಪ್ಯೂಟರ್ ಇಟ್ಟು ಅದಕ್ಕೆ ಸಿಕ್ಕಿಸಿದೆ. ಉಳಿದದ್ದು ನೀರಿನ ಟ್ಯಾಂಕಿಗೆ ಬರೆದ ಎಕ್ಸ್‌ಟೆನ್ಷನ್ನೇ, ಎಲ್ಲೋ ಎರಡು ಕಡೆ ಬದಲಾಯಿಸಿದೆ. ನನ್ನ ಆಫೀಸಿನ ಸ್ಕ್ರೀನಿನ ಮೂಲೆಯಲ್ಲಿ ಟ್ಯಾಂಕುಗಳ ಸಾಲಿನ ಕೆಳಗೆ ಅಮ್ಮ ಬಂದಳು. ಅಕ್ಕನ ಫೋನಿಗೂ ಅದನ್ನೇ ಹಾಕಿಕೊಟ್ಟೆ. ಆಕ್ಸಿಜನ್ ಇಳಿದರೆ ಇಬ್ಬರಿಗೂ ಕಿರ್ರ್ ಎಂದು ಸದ್ದು. ಕ್ಲಿಪ್ ಕಳಚಿದರೆ, ಕರೆಂಟ್ ಹೋದರೆ, ಲೈನ್ ಕಡಿದರೆ ಕೆಂಪು ಅಕ್ಷರದಲ್ಲಿ 'ಗೊತ್ತಿಲ್ಲ'.

ಅಕ್ಕನಿಗೆ ಅದೊಂದು ಚಟವೇ ಆಗಿಹೋಯಿತು. ಸಾಸಿವೆ ಡಬ್ಬಿಗೆ ಫೋನ್ ಒರಗಿಸಿ, ಅದನ್ನು ನೋಡುತ್ತಲೇ ಒಗ್ಗರಣೆ ಹಾಕುತ್ತಿದ್ದಳು. "ತೊಂಬತ್ತೊಂದು ಆಯ್ತಲ್ಲೇ, ಯಾಕೆ?" ಎಂದು ಫೋನು. "ಕೆಮ್ಮಿರ್ತಾಳೆ ಬಿಡೇ!" ಎಂದು ನಾನು. ಮೊದಲ ತಿಂಗಳಂತೂ ನಂಬರ್ ಇಳಿದಾಗಲೆಲ್ಲ ನಾನು ಅರ್ಧ ದಿನ ರಜೆ ಹಾಕಿ, ಕುರ್ಲಾದಲ್ಲಿ ಟ್ರೇನ್ ಬದಲಾಯಿಸಿ ಮನೆಗೆ ಓಡುತ್ತಿದ್ದೆ. ಹೋಗಿ ನೋಡಿದರೆ ಅಮ್ಮ ಎದ್ದು ಕೂತು, "ಮತ್ತೆ ಬಂದ್ಯಾ? ನಿನ್ನ ಕೆಲಸ ಕಳೆದೇ ಬಿಡೋದು ನಾನು," ಎಂದು ಹಣೆ ಚಚ್ಚಿಕೊಳ್ಳುತ್ತಿದ್ದಳು.

ಹಗಲು ಅಮ್ಮನನ್ನು ನೋಡಿಕೊಳ್ಳಲು ಬಿಜಾಪುರ ಕಡೆಯ ಹೆಂಗಸೊಬ್ಬಳು ಬರುತ್ತಿದ್ದಳು. ಗಂಡ ಬಿಲ್ಡಿಂಗ್ ಕೆಲಸದಲ್ಲಿದ್ದ. ಮುಂಬಯಿಯ ರೂಢಿಯಂತೆ ನಾವೂ ಅವಳನ್ನು ಬಾಯಿ ಎಂದೇ ಕರೆಯುತ್ತಿದ್ದೆವು. ಅವಳ ಮಾತು ಅಮ್ಮನಿಗೆ ಮೊದಲು ಅರ್ಧ ತಿಳಿಯುತ್ತಿರಲಿಲ್ಲ. ಆಮೇಲೆ ಇಬ್ಬರೂ ಯಾವ ಪರಿ ಹೊಂದಿಕೊಂಡರೆಂದರೆ, ನಾನು ಸಂಜೆ ಬಾಗಿಲು ತೆಗೆದರೆ ಮಾತು ಥಟ್ಟನೆ ನಿಲ್ಲುತ್ತಿತ್ತು. ನನಗೆ ಹೊಟ್ಟೆಕಿಚ್ಚೇ ಆಗುತ್ತಿತ್ತು.

ಹೀಗಿರುವಾಗ ಅಮ್ಮ ಸುಧಾರಿಸಿದಳು. ತೊಂಬತ್ತರ ಸುತ್ತ ತಡವರಿಸುತ್ತಿದ್ದ ನಂಬರ್ ತೊಂಬತ್ತೇಳಕ್ಕೆ, ತೊಂಬತ್ತೆಂಟಕ್ಕೆ ಬಂದು ನಿಂತಿತು. ಹೊಸ ಮಾತ್ರೆ ಹಿಡಿಯಿತು ಎಂದುಕೊಂಡೆ. ಆಫೀಸಿನಲ್ಲಿ ಎಲ್ಲರಿಗೂ ಪೇಡ ಹಂಚಿದೆ. ಅಕ್ಕ ಆಂಬುಲೆನ್ಸ್ ಮಾತು ಬಿಟ್ಟಳು, ಕಿರ್ರ್ ಸದ್ದು ಮರೆತೇಹೋಯಿತು. ಮಧ್ಯಾಹ್ನದ ಹೊತ್ತು ಎದೆಬಡಿತ ಮಾತ್ರ ಒಂದಿಷ್ಟು ಏರುತ್ತಿತ್ತು.

"ಸೀರಿಯಲ್ ನೋಡಿ ಎದೆ ಹೊಡ್ಕೊಳ್ತಿದೀಯಾ?" ಎಂದು ಛೇಡಿಸಿದೆ.

"ಹೂಂ ಕಣೇ, ಆ ಅತ್ತೆ ಇದಾಳಲ್ಲ, ಸೊಸೇನ ಏನ್ ಗೋಳು ಹುಯ್ಕೋತಾಳೆ ಅಂತೀಯ," ಎಂದಳು ಅಮ್ಮ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಬಾಯಿ ಸೆರಗು ಬಾಯಿಗಿಟ್ಟು ನಕ್ಕಳು. ನನಗೂ ನಗು ಬಂತು.

ಸಂಜೆ ನಾನು ಮನೆಗೆ ಹೋಗುವ ಹೊತ್ತಿಗೆ ಕ್ಲಿಪ್ ತೆಗೆದಾಗಿರುತ್ತಿತ್ತು. "ದಿನವಿಡೀ ಹಾಕ್ಕೊಂಡು ಬೆರಳು ನೋಯತ್ತೆ," ಎನ್ನುತ್ತಿದ್ದಳು. ಇಡೀ ದಿನ ತೊಂಬತ್ತೇಳು ನೋಡಿದ ಮೇಲೆ ನನಗೂ ಮತ್ತೆ ನೋಡುವ ಅಗತ್ಯ ಕಾಣುತ್ತಿರಲಿಲ್ಲ. ಅಮ್ಮ ಮೊದಲಿಗಿಂತ ಕಡಿಮೆ ಮಾತಾಡುತ್ತಿದ್ದಳು, ಒಂದು ವಾಕ್ಯವನ್ನು ಮೂರು ತುಂಡು ಮಾಡಿ ಹೇಳುತ್ತಿದ್ದಳು, ತಟ್ಟೆಯಲ್ಲಿ ಅನ್ನ ಉಳಿಯುತ್ತಿತ್ತು. ವಯಸ್ಸು, ಮತ್ತೇನು ಅಂದುಕೊಂಡೆ. ನಂಬರ್ ಚೆನ್ನಾಗಿತ್ತಲ್ಲ.

ಆ ದಿನ ಊಟ ಮುಗಿಸಿ ಬಂದು ಸ್ಕ್ರೀನ್ ನೋಡಿದರೆ ಆಕ್ಸಿಜನ್ ತೊಂಬತ್ತೆಂಟು, ಎದೆಬಡಿತ ನೂರ ಮೂವತ್ತು. ಸೀರಿಯಲ್ಲಿನ ಅತ್ತೆ ಇವತ್ತು ಸೊಸೆಯನ್ನು ಕೊಂದೇಬಿಟ್ಟಳೇನೋ ಎಂದುಕೊಂಡೆ. ಕಾದೆ. ಇಳಿಯಲಿಲ್ಲ. ಲೈನು ನೋಡಿದೆ, ಸರಿಯಾಗಿದೆ. ಉತ್ತರಗಳು ಬರುತ್ತಿವೆ, ಒಂದು ಅಕ್ಷರ ಆಚೀಚೆ ಆಗಿಲ್ಲ. ಎದೆ ಅಷ್ಟು ಓಡುತ್ತಿರುವಾಗ ಅಮ್ಮನ ಕಾಯಿಲೆಯಲ್ಲಿ ಆಕ್ಸಿಜನ್ ತೊಂಬತ್ತೆಂಟು ಇರಲು ಹೇಗೆ ಸಾಧ್ಯ? ಮನೆಗೆ ಫೋನ್ ಮಾಡಿದೆ. ಫೋನ್ ಎತ್ತಿದ್ದು ಬಾಯಿ.

"ಏನಿಲ್ರಿ ಅಕ್ಕಾರ. ಅವ್ವಾರು ಮಲಗ್ಯಾರ್ರಿ."

"ಅಮ್ಮಂಗೆ ಫೋನ್ ಕೊಡು."

"ಮಲಗ್ಯಾರಲ್ರಿ. ಎದ್ದ ಮ್ಯಾಲ ನಾನಽ ಮಾಡಸ್ತೀನ್ರಿ."

ನನ್ನ ಕಣ್ಣು ಸ್ಕ್ರೀನಿನ ಮೇಲಿತ್ತು. ಅವಳು ಒಂದೊಂದು ಸುಳ್ಳು ಹೇಳಿದಾಗಲೂ ಅಲ್ಲಿ ಅಮ್ಮನ ಎದೆಬಡಿತ ಏರುತ್ತಿತ್ತು.

"ಬಾಯಿ," ಅಂದೆ. "ಕ್ಲಿಪ್ ಯಾರ ಬೆರಳಲ್ಲಿದೆ?"

ಸ್ಕ್ರೀನಿನಲ್ಲಿ ನಂಬರ್ ಧಡಕ್ಕನೆ ನೂರ ನಲವತ್ತೆಂಟಕ್ಕೆ ಹೋಯಿತು. ಆಮೇಲೆ ಫೋನಿನಲ್ಲಿ ಅಳು ಕೇಳಿಸಿತು. "ಅವ್ವಾರ ಆಣಿ ಹಾಕ್ಸ್ಯಾರ್ರಿ ಅಕ್ಕಾರ, ನಾ ಏನ್ ಮಾಡ್ಲಿರಿ! ಲಗೂ ಬರ್ರಿ, ತುಟಿ ಎಲ್ಲಾ ಕಪ್ಪಾಗ್ಯಾವ್ರಿ."

ಟ್ಯಾಕ್ಸಿಯಲ್ಲಿ ಕೂತು ಸಾಯನ್ ಸಿಗ್ನಲ್ಲಿನಲ್ಲಿ ನಿಂತಾಗ ನಾನು ಬೈದ ಬೈಗುಳವನ್ನೆಲ್ಲ ಡ್ರೈವರ್ ತನಗೇ ಎಂದುಕೊಂಡಿರಬೇಕು. ಬಾಯಿಯನ್ನು ಬೈದೆ, ಅಮ್ಮನನ್ನು ಬೈದೆ, ಪೇಡ ಹಂಚಿದ ನನ್ನನ್ನೂ ಬೈದುಕೊಂಡೆ. ಕರೆಂಟ್ ಹೋದರೆ ಏನು, ವೈರ್ ಕಿತ್ತರೆ ಏನು, ಉತ್ತರ ಅರ್ಧ ಬಂದರೆ ಏನು ಎಂದೆಲ್ಲ ಯೋಚಿಸಿ ಬರೆದಿದ್ದೆ. ಅಮ್ಮ ಕ್ಲಿಪ್ಪನ್ನು ಬೇರೆಯವರ ಬೆರಳಿಗೆ ಹಾಕುತ್ತಾಳೆ ಎಂದು ಯಾರು ತಾನೇ ಯೋಚಿಸುತ್ತಾರೆ? ಮಗಳ ರಜೆ ಖರ್ಚಾಗಬಾರದು, ಆಸ್ಪತ್ರೆಯ ಮಾತು ಏಳಬಾರದು ಎಂದು ಅವಳು ಮಾಡಿದ ಉಪಾಯ ಅದು. ಆಮೇಲೆ ತಿಳಿಯಿತು, ದಿನಾ ಬಾಯಿ ಎಡಗೈಗೆ ಕ್ಲಿಪ್ ಹಾಕಿಕೊಂಡು ಅಮ್ಮನ ಮಂಚದ ಪಕ್ಕ ನೆಲದಲ್ಲಿ ಕೂತು ಕಥೆ ಹೇಳುತ್ತಿದ್ದಳು. ಮಧ್ಯಾಹ್ನ ಏರುತ್ತಿದ್ದ ಎದೆಬಡಿತ ಅವಳು ತನ್ನ ಅತ್ತೆಯ ಕಥೆ ಹೇಳುವಾಗಿನದು.

ಮನೆಗೆ ಹೋದಾಗ ಡಾಕ್ಟರು ಆಗಲೇ ಬಂದಿದ್ದರು, ದಾರಿಯಿಂದಲೇ ಫೋನ್ ಮಾಡಿದ್ದೆ. ಬಾಯಿ ಒಂದು ಕೈಯಲ್ಲಿ ಅಮ್ಮನ ಕೈ ಹಿಡಿದುಕೊಂಡು ಕೂತಿದ್ದಳು. ಇನ್ನೊಂದು ಕೈಯಲ್ಲಿ ಕ್ಲಿಪ್ ಹಾಗೇ ಇತ್ತು, ತೆಗೆದರೆ ಇನ್ನೇನು ಅನಾಹುತವಾಗುತ್ತದೋ ಎಂದು ಹೆದರಿದವಳ ಹಾಗೆ. ಡಾಕ್ಟರು ತಮ್ಮ ಬ್ಯಾಗಿನಲ್ಲಿದ್ದ ಇನ್ನೊಂದು ಕ್ಲಿಪ್ಪನ್ನು ಅಮ್ಮನ ಬೆರಳಿಗೆ ಹಾಕಿದ್ದರು. ಎಪ್ಪತ್ತೊಂದು. ಆಕ್ಸಿಜನ್ ಮಷೀನಿನ ತಿರುಪನ್ನು ಪೂರ್ತಿ ತಿರುಗಿಸಿದರೂ ಎಪ್ಪತ್ತೊಂದು.

ಅವರು ನನ್ನನ್ನು ಬಾಲ್ಕನಿಗೆ ಕರೆದರು. ಆಸ್ಪತ್ರೆಗೆ ಒಯ್ಯಬಹುದು, ಗಂಟಲಿಗೆ ಟ್ಯೂಬ್ ಹಾಕುತ್ತಾರೆ, ಆದರೆ ಆಮೇಲೆ ಅದನ್ನು ತೆಗೆಯುವ ಹಾಗಾಗುವುದಿಲ್ಲ ಎಂದರು. ಇಲ್ಲೇ ಇಟ್ಟುಕೊಂಡರೆ ಸಂಕಟವಾಗದ ಹಾಗೆ ನೋಡಿಕೊಳ್ಳಬಹುದು. ಇವತ್ತೋ ನಾಳೆಯೋ ಎಂದರು. ಒಳಗೆ ಬಂದು ನೋಡಿದರೆ ಅಮ್ಮ ನನ್ನನ್ನೇ ನೋಡುತ್ತಿದ್ದಳು, ಮಂಚದ ಸರಳು ಹಿಡಿದುಕೊಂಡು. ಇಲ್ಲೇ ಇರಲಿ ಎಂದು ಡಾಕ್ಟರಿಗೆ ಹೇಳಿದೆ. ಅವರು ಸಂಕಟ ಕಡಿಮೆಯಾಗಲು ಒಂದು ಇಂಜೆಕ್ಷನ್ ಕೊಟ್ಟು, ಕರೆದರೆ ಬರುತ್ತೇನೆ ಎಂದು ಹೋದರು. ಅಮ್ಮ ಸರಳು ಬಿಟ್ಟಳು.

ಅಕ್ಕನಿಗೆ ಫೋನ್ ಮಾಡಿದೆ.

"ನಾನೇ ಮಾಡೋಣ ಅಂತಿದ್ದೆ," ಎಂದಳು ಅಕ್ಕ. "ಆಕ್ಸಿಜನ್ ಏನೋ ಚೆನ್ನಾಗಿದೆ, ಎದೆಬಡಿತ ಯಾಕೇ ಅಷ್ಟೊಂದಿದೆ?"

"ಅಮ್ಮ ನಿನ್ನ ನೋಡ್ಬೇಕಂತೆ. ಹೊರಟು ಬಾ."

"ಏನಾದ್ರೂ ಆಯ್ತಾ?"

ಹೇಳಲು ಹೊರಟೆ. ಅಮ್ಮ ಕೈ ಎತ್ತಿ ಬೇಡ ಎಂದು ಆಡಿಸಿದಳು. "ಏನಿಲ್ಲ. ಬಾ," ಎಂದು ಫೋನ್ ಇಟ್ಟೆ.

"ರೈಲಲ್ಲಿ…" ಎಂದಳು ಅಮ್ಮ. ಉಸಿರು ತೆಗೆದುಕೊಂಡಳು. "ರೈಲಲ್ಲಿ ಅವಳು ಅಳಬಾರ್ದು. ಇನ್ನೊಂದ್ ಸಲ."

ಆಮೇಲೆ ಬಾಯಿಯ ಕೈಯಲ್ಲಿದ್ದ ಕ್ಲಿಪ್ಪನ್ನು ತೋರಿಸಿದಳು. "ಇವಳ ಎದೆ ಓಡ್ತಿದೆ. ನೀನು ಹಾಕ್ಕೋ."

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಸಾಯುವ ಹೊತ್ತಿನಲ್ಲೂ ಆಟವಾ ಇದು! ಆಗಲ್ಲ ಅಂದೆ. ಇಷ್ಟು ದಿನ ಮಾಡಿದ್ದು ಸಾಲದಾ ಅಂದೆ. ಅಮ್ಮನ ಕೈ ತೋರಿಸಿದ್ದು ತೋರಿಸಿದ ಹಾಗೇ ಇತ್ತು. ಬಾಯಿಯ ಬೆರಳಿನಿಂದ ಕ್ಲಿಪ್ ತೆಗೆದು ನನ್ನ ಬೆರಳಿಗೆ ಹಾಕಿಕೊಂಡೆ.

ಅಲ್ಲಿಂದ ಮುಂದೆ ನನಗಿದ್ದದ್ದು ಒಂದೇ ಕೆಲಸ. ನನ್ನ ಎದೆ ಓಡಬಾರದು. ಓಡಿದರೆ ಬೊರಿವಲಿಯಿಂದ ಹೊರಟ ಲೋಕಲ್‌ನಲ್ಲಿ ಅಕ್ಕನಿಗೆ ಕಾಣುತ್ತದೆ. ಒಂದು ಕೈಯಲ್ಲಿ ಅಮ್ಮನ ಕೈ, ಇನ್ನೊಂದರಲ್ಲಿ ಕ್ಲಿಪ್. ಉಸಿರು ನಿಧಾನವಾಗಿ ಎಳೆದುಕೊಂಡೆ, ನಿಧಾನವಾಗಿ ಬಿಟ್ಟೆ. ಅಮ್ಮನ ಮುಖ ನೋಡಿದರೆ ಎದೆ ಹೊಡೆದುಕೊಳ್ಳುತ್ತಿತ್ತು, ಅದಕ್ಕೇ ಕಿಟಕಿ ನೋಡಿದೆ. ಕಿಟಕಿಯಲ್ಲಿ ಎದುರು ಬಿಲ್ಡಿಂಗಿನವರ ಬಟ್ಟೆಗಳು ಒಣಗುತ್ತಿದ್ದವು. ಅದನ್ನೇ ನೋಡುತ್ತ ಕೂತೆ. ಅಮ್ಮ ಪಕ್ಕದಲ್ಲೇ ಇದ್ದಾಳೆ, ಗಾಜಿಲ್ಲ, ಏನಿಲ್ಲ, ನಾನು ಮುಖ ನೋಡುವ ಹಾಗಿಲ್ಲ. ಅಳುವ ಹಾಗಂತೂ ಇಲ್ಲವೇ ಇಲ್ಲ. ಜೀವನವಿಡೀ ಯಾವುದಕ್ಕೂ ತಡೆದುಕೊಳ್ಳದೆ ಕೂಗಾಡಿದವಳು ನಾನು, ಅವತ್ತು ತಡೆದುಕೊಂಡೆ.

"ಊಟ ಆಯ್ತಾ?" ಎಂದಳು ಅಮ್ಮ.

"ಆಯ್ತು."

"ನಿನ್ನ ಪ್ರೋಗ್ರಾಂ ಚೆನ್ನಾಗಿದೆ ಕಣೇ," ಎಂದಳು ಸ್ವಲ್ಪ ಹೊತ್ತಾದ ಮೇಲೆ. "ಒಂದ್ ದಿನಾನೂ ಕೆಟ್ಟಿಲ್ಲ."

ತುಂಟತನಕ್ಕೆ ಹೇಳಿದಳೋ, ನಿಜವಾಗಿಯೇ ಹೇಳಿದಳೋ ಇವತ್ತಿಗೂ ನನಗೆ ತಿಳಿಯದು.

ಅಕ್ಕನಿಂದ ಮೆಸೇಜ್ ಬಂತು. ಅಮ್ಮನಿಗೆ ಓದಿ ಹೇಳಿದೆ. 'ಎದೆಬಡಿತ ಇಳೀತು ನೋಡು, ಈಗ ಸಮಾಧಾನ ಆಯ್ತು. ರೈಲು ಬದಲಾಯಿಸೋಕೆ ದಾದರಲ್ಲಿ ಇಳಿದಿದೀನಿ. ಹೇಗೂ ಇಳಿದಿದೀನಲ್ಲ, ಮಾರ್ಕೆಟ್ಟಿಗೆ ಹೋಗಿ ಅಮ್ಮಂಗೆ ಕನಕಾಂಬರ ತಗೊಂಡೇ ಬರ್ತೀನಿ.' ಚೆಂಬೂರಿನಲ್ಲಿ ಸಿಗುವ ಹೂವು ಬಾಡಿದ್ದು ಎಂದು ಅಮ್ಮ ಯಾವಾಗಲೂ ಗೊಣಗುತ್ತಿದ್ದಳು. ಅಪ್ಪ ಹೋದ ಮೇಲೆ ಮುಡಿಯುವುದನ್ನು ಬಿಟ್ಟಿದ್ದರೂ ಹೂವಿನ ಆಸೆ ಬಿಟ್ಟಿರಲಿಲ್ಲ, ದೇವರಿಗೆ ಎಂದು ತರಿಸಿ ನಾಲ್ಕೆಳೆ ದಿಂಬಿನ ಪಕ್ಕ ಇಟ್ಟುಕೊಳ್ಳುತ್ತಿದ್ದಳು. ಅಕ್ಕನಿಗೆ 'ಹೂವು ಬೇಡ, ಬೇಗ ಬಾ' ಎಂದು ಬರೆದೆ. ಕಳಿಸುವ ಮೊದಲು ಅಮ್ಮನ ಕಡೆ ತಿರುಗಿದೆ. ಅವಳ ತುಟಿ ನಗುತ್ತಿತ್ತು. ಬರೆದದ್ದನ್ನು ಅಳಿಸಿದೆ.

ಹೆಚ್ಚು ಹೊತ್ತು ಆಗಲಿಲ್ಲ. ಒಂದು ಉಸಿರು ಹೋಯಿತು, ಇನ್ನೊಂದು ಬರುವುದಕ್ಕೆ ಕಾದೆ. ಬರಲಿಲ್ಲ. ಮಷೀನು ಗಾಳಿ ಊದುತ್ತಲೇ ಇತ್ತು. ಬಾಯಿ ಅಮ್ಮನ ಕಾಲಿನ ಹತ್ತಿರ ಕುಸಿದು, "ಅವ್ವಾರ!" ಎಂದು ಎದೆ ಬಡಿದುಕೊಂಡಳು. ಅವಳಿಗೆ ಅಳುವ ಸ್ವಾತಂತ್ರ್ಯವಿತ್ತು. ನಾನು ಕಿಟಕಿಯ ಬಟ್ಟೆಗಳನ್ನು ನೋಡುತ್ತ ಉಸಿರು ಎಳೆದುಕೊಂಡೆ, ಬಿಟ್ಟೆ. ಎಳೆದುಕೊಂಡೆ, ಬಿಟ್ಟೆ. ಅಕ್ಕ ಇನ್ನೂ ರೈಲಿನಲ್ಲಿದ್ದಳು.

ಮಷೀನ್ ಆರಿಸಿದ್ದು ಬಾಯಿ. ನನಗೆ ಎಡಗೈ ಅಲ್ಲಾಡಿಸಲೂ ಭಯ, ಕ್ಲಿಪ್ ಜಾರಿದರೆ ಕೆಂಪು ಅಕ್ಷರ ಬರುತ್ತದೆ. ನಾನೇ ಬರೆದ ಕೋಡು ಅದು, ಬಿಡುವುದಿಲ್ಲ. ಅಮ್ಮನ ಕೈ ನನ್ನ ಕೈಯಲ್ಲೇ ತಣ್ಣಗಾಗುತ್ತ ಬಂತು. ನನ್ನ ಎದೆ ಎಪ್ಪತ್ತೆಂಟು, ಎಂಬತ್ತು, ಎಪ್ಪತ್ತೊಂಬತ್ತು ಎಂದು ಟಿವಿ ಪಕ್ಕದ ಪುಟ್ಟ ಪರದೆಯಲ್ಲಿ ಕಾಣುತ್ತಿತ್ತು. ಹೆತ್ತ ತಾಯಿ ಹೋಗಿದ್ದಾಳೆ, ಎಪ್ಪತ್ತೊಂಬತ್ತು. ನನ್ನ ಮೇಲೇ ನನಗೆ ಅಸಹ್ಯವಾಯಿತು.

ಬಾಗಿಲು ತೆರೆದೇ ಇತ್ತು. ಅಕ್ಕ ಚಪ್ಪಲಿ ಬಿಡುತ್ತ, "ಅಬ್ಬಾ, ಕುರ್ಲಾದಲ್ಲಿ ಏನ್ ರಶ್ ಅಂತೀಯ," ಎಂದು ಒಳಗೆ ಬಂದಳು. ಒಂದು ಕೈಯಲ್ಲಿ ಎಲೆಯಲ್ಲಿ ಕಟ್ಟಿದ ಹೂವು, ಇನ್ನೊಂದು ಕೈಯಲ್ಲಿ ಫೋನು. ಬಾಯಿಯನ್ನು ನೋಡಿದಳು. ನಿಂತಿರುವ ಮಷೀನ್ ನೋಡಿದಳು. ಅಮ್ಮನ ಮುಖ ನೋಡಿದಳು. ಆಮೇಲೆ ತನ್ನ ಫೋನ್ ನೋಡಿಕೊಂಡಳು.

"ತೊಂಬತ್ತೇಳಿದೆಯಲ್ಲೇ," ಎಂದಳು.

ಎಡಗೈ ಎತ್ತಿ ಬೆರಳು ತೋರಿಸಿದೆ. ಅಕ್ಕ ಅದನ್ನು ನೋಡುತ್ತ ನಿಂತಳು. ಅವಳು ಚೀರುತ್ತಾಳೆ, ನನ್ನ ಕೆನ್ನೆಗೆ ಹೊಡೆಯುತ್ತಾಳೆ ಎಂದುಕೊಂಡೆ. ಹೊಡೆದಿದ್ದರೆ ಒಳ್ಳೆಯದಿತ್ತು. ಅವಳು ಹೂವನ್ನು ಅಮ್ಮನ ದಿಂಬಿನ ಪಕ್ಕ ಇಟ್ಟು, ಮಂಚದ ಆ ಕಡೆ ಕೂತು, ಅಮ್ಮನ ಇನ್ನೊಂದು ಕೈ ಹಿಡಿದುಕೊಂಡಳು.

"ರೈಲಲ್ಲಿ ನಗ್ತಾ ಬಂದೆ ಕಣೇ," ಎಂದಳು. "ಪಕ್ಕದಲ್ಲಿ ಕೂತೋರಿಗೂ ತೋರಿಸ್ದೆ, ನಮ್ಮಮ್ಮ ಅಂತ."

ಆಗ ನನಗೆ ಅಳು ಬಂತು. ಅಷ್ಟು ಹೊತ್ತು ಹಿಡಿದಿಟ್ಟದ್ದೆಲ್ಲ ಒಟ್ಟಿಗೇ ಬಂತು. ಅಕ್ಕ ನನ್ನ ಕಡೆ ತಿರುಗಲಿಲ್ಲ. ತೊಡೆಯ ಮೇಲಿದ್ದ ಫೋನನ್ನೇ ನೋಡುತ್ತಿದ್ದಳು, ಅದರಲ್ಲಿ ಅಮ್ಮನ ಹೆಸರಿನ ಕೆಳಗೆ ಎದೆಬಡಿತ ಏರುತ್ತಾ ಹೋಗುತ್ತಿತ್ತು.